ಇಲ್ಲವೆಂದು ಬರೆಸಿಕೊಂಡವರು

ಹಿನ್ನೀರಿನಾಚೆಯ ಬ್ಯಾಕೋಡಿನ ಕಡೆಯ ಅರ್ಜಿದಾರರೊಬ್ಬರು ಸಾಗರದ ತಾಲ್ಲೂಕು ಕಚೇರಿಗೆ ಬಂದರೆ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡುತ್ತಿದ್ದರು. ಖಾಲಿ ಕುರ್ಚಿಗಳಿದ್ದರೂ ಅಲ್ಲಿ ಯಾರೂ ಅವರನ್ನು ಕೂರಿ ಎಂದದ್ದಿಲ್ಲ. ನಾನದನ್ನು ಮರೆತಿಲ್ಲ.

ಅವರ ತಂದೆಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದಾಗ ಬದಲಿಗೆ ಕೊಟ್ಟ ಜಮೀನಿನ ಮಂಜೂರಾತಿ ಕಡತ ಅವರಿಗೆ ಬೇಕಿತ್ತು. ಅದಿಲ್ಲದಿದ್ದರೆ ಆ ಜಮೀನು ಅರಣ್ಯ ಒತ್ತುವರಿಯೆಂದು ತೆರವಾಗುತ್ತಿತ್ತು. ಶಾಲೆಯ ಮೇಷ್ಟ್ರಾಗಿದ್ದ ನಾನು ಅವರಿಗೆ ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದುಕೊಡುತ್ತಿದ್ದೆ.

“ಬಂದ್ರಾ? ಸಿಕ್ಕಿಲ್ಲ ಮಾರಾಯ್ರೆ. ಲಾಂಚ್ ತಪ್ಪುತ್ತೆ, ಹೊರಡಿ” ಎನ್ನುತ್ತಿದ್ದರು ಗುಮಾಸ್ತರು.

ಇವರು ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ, “ಇಲ್ಲ ಅಂತಾದ್ರೂ ಬರ್ದು ಕೊಡಿ” ಎನ್ನುತ್ತಿದ್ದರು. ಸರ್ಕಾರದ ಬಾಯಿಮಾತು ನಂಬಿ ಊರು ಬಿಟ್ಟವರ ಮಗ ಅವರು.

ಮಾಹಿತಿ ಆಯೋಗ ಕಡತ ಕೊಡುವಂತೆ ಆದೇಶಿಸಿತು. ಕಂದಾಯ ಇಲಾಖೆ ಅದರ ವಿರುದ್ಧ ಹೈಕೋರ್ಟಿಗೆ ಹೋಯಿತು. ಕಡತ ಕೊಡಬೇಕು, ಅಥವಾ ಅದಿಲ್ಲವೆಂದು ಬರೆದು ಕೊಡಬೇಕು ಎಂದು ನ್ಯಾಯಾಲಯ ಹೇಳಿತು. ಕೊನೆಗೆ ಮೊಹರಿನೊಂದಿಗೆ ಒಂದೇ ಸಾಲು ಬಂತು: ಕಡತ ಲಭ್ಯವಿಲ್ಲ.

“ಅಂತೂ ಬರೆಸ್ದೆ ನೋಡಿ ಮೇಷ್ಟ್ರೆ” ಎಂದು ಅವರು ನಕ್ಕರು. ಅವರ ನಗೆಯನ್ನು ನಾನು ಕಂಡದ್ದು ಅಂದು ಮಾತ್ರ.

ತೆರವಿನ ವಿಚಾರಣೆಯಲ್ಲಿ, ಮಂಜೂರಾತಿಯೇ ಆಗಿರಲಿಲ್ಲ ಎನ್ನುವುದಕ್ಕೆ ಪುರಾವೆಯಾಗಿ ಅರಣ್ಯಾಧಿಕಾರಿ ಅದೇ ಪತ್ರದ ನಕಲನ್ನು ಹಾಜರುಪಡಿಸಿದರು. “ನೀವೇ ಬರೆಸ್ಕೊಂಡಿದ್ದಲ್ವಾ ಯಜಮಾನ್ರೆ?” ಎಂದರು. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಯಾರೋ ಅವರತ್ತ ಒಂದು ಕುರ್ಚಿ ಸರಿಸಿದರು.

ಅವರು ಕೂರಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ ನಿಂತೇ ಇದ್ದರು. ಕೇಳಲು ಮಾತ್ರ ಏನೂ ಉಳಿದಿರಲಿಲ್ಲ.