ದೇವರಿಗೆ ಬಿಟ್ಟ ಹಾಲು

ಡಿಸೆಂಬರಿನ ಒಂದು ಬೆಳಿಗ್ಗೆ ನಾನೂ ನನ್ನ ತಂಗಿ ಚಂದ್ರಕಲಾಳೂ ಐಮಂಗಲದಲ್ಲಿ ಹಿರಿಯೂರಿನ ಬಸ್ಸು ಹತ್ತಿದೆವು. ಬಟ್ಟೆಬರೆಯ ಬ್ಯಾಗುಗಳು ನನ್ನ ಕೈಯಲ್ಲಿದ್ದವು. ಅವಳ ತೊಡೆಯ ಮೇಲೆ ಒಂದು ಕಪ್ಪು ಚೀಲ, ಅದರಲ್ಲಿ ಉಸಿರು ಅಳೆಯುವ ಯಂತ್ರ. ಊಟದ ಡಬ್ಬಿಗಿಂತ ದೊಡ್ಡದಲ್ಲ, ಆದರೂ ಬಸ್ಸು ಕುಲುಕಿದಾಗಲೆಲ್ಲ ಅದನ್ನು ಎರಡೂ ಕೈಯಿಂದ ಅವುಚಿಕೊಳ್ಳುತ್ತಿದ್ದಳು. ಅವಳು ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಆರನೇ ತರಗತಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವಳು ನಾನು. ಹಳ್ಳಿಯ ಹೆಂಗಸರು ನನ್ನ ಜೊತೆ ಸಲೀಸಾಗಿ ಮಾತಾಡುತ್ತಾರೆಂದು ಈ ಸಲ ನನ್ನನ್ನು ಕರೆದುಕೊಂಡು ಹೊರಟಿದ್ದಳು.

ಹೊರಡುವ ಮುಂಚೆ ಬಾಗಿಲಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಪರೀಕ್ಷೆಗೆ ಹೋಗುವಾಗಲೂ ಅಷ್ಟೇ, ಫಲಿತಾಂಶ ಬಂದಾಗಲೂ ಅಷ್ಟೇ, ಅವ್ವನಿಗಿಂತ ಮೊದಲು ನನಗೆ ನಮಸ್ಕಾರ. ಅವಳು ಹತ್ತನೇ ತರಗತಿಯಲ್ಲಿದ್ದ ವರ್ಷ ನಾನು ಹಾಲನ್ನು ದೇವರಿಗೆ ಬಿಟ್ಟಿದ್ದೆ. ಯಾತ್ರೆಗೆ ಹೋದವರು ಇಷ್ಟದ ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರುತ್ತಾರಲ್ಲ, ಹಾಗೆ. ತಂಗಿ ಪಾಸಾಗಲಿ ಎಂದು ಹೊತ್ತ ಹರಕೆ ಅದು. ಅವಳು ಮೊದಲ ದರ್ಜೆಯಲ್ಲಿ ಪಾಸಾದಳು. ಅಂದಿನಿಂದ ನನ್ನ ಟೀಗೂ ಹಾಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ನಂಬಿಕೊಂಡು ಬಂದದ್ದು ಇದನ್ನೇ.

ಬಸ್ಸಿನಲ್ಲಿ ಇಬ್ಬರಿಗೂ ಪುಕ್ಕಟೆ ಚೀಟಿ ಹರಿದುಕೊಟ್ಟ ಕಂಡಕ್ಟರು ಕಪ್ಪು ಚೀಲ ನೋಡಿ ಒಳಗೆ ಏನಿದೆ ಎಂದು ಕೇಳಿದ. ಊದುವ ಮಿಷನ್ನು ಎಂದಳು ಚಂದ್ರಿ.

"ಪೊಲೀಸ್ನೋರು ಕುಡುಕರಿಗೆ ಊದಿಸ್ತಾರಲ್ಲ, ಅದಾ?"

"ಅದರ ತಂಗಿ ಅನ್ಕಳ್ರಿ. ಇದು ಹಾಲು ಕುಡಿದೋರಿಗೆ."

ಹಿರಿಯೂರಿನಲ್ಲಿ ಇಡ್ಲಿ ತಿಂದು ಹೊಸದುರ್ಗದ ಬಸ್ಸಿಗೆ ಬದಲಾಯಿಸಿದೆವು. ಬಿಸಿಲು ಏರಿದರೂ ಕಿಟಕಿಯ ಗಾಳಿ ತಣ್ಣಗಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ದಾರಿಯುದ್ದಕ್ಕೂ ಅವಳು ತನ್ನ ಕೆಲಸವನ್ನು ನನಗೆ ಬಿಡಿಸಿ ಹೇಳಿದಳು. ಮರಿಯಾಗಲಿ ಕರುವಾಗಲಿ ಮಗುವಾಗಲಿ, ಹುಟ್ಟಿದಾಗ ಹಾಲು ಅರಗಿಸಿಕೊಳ್ಳುತ್ತದೆ. ಮೊಲೆ ಬಿಟ್ಟ ಮೇಲೆ ಆ ಶಕ್ತಿ ಇಳಿಯುತ್ತ ಹೋಗುತ್ತದೆ. ಲೋಕದ ಬಹಳ ಮಂದಿ ದೊಡ್ಡವರಿಗೂ ಹಾಗೆಯೇ. ಆದರೆ ಸಾವಿರಾರು ವರ್ಷ ದನಕರು ಸಾಕಿದ ಕೆಲವು ಜನರಲ್ಲಿ, ಯಾರಿಗೋ ಹುಟ್ಟಿನಲ್ಲೇ ಬಂದ ಒಂದು ಸಣ್ಣ ಬದಲಾವಣೆಯಿಂದ ಆ ಶಕ್ತಿ ಸಾಯುವವರೆಗೂ ಉಳಿಯಿತು. ಅಂಥವರಿಗೆ ಹಾಲೂ ಆಹಾರವಾಯಿತು, ಅವರ ಮಕ್ಕಳು ಹೆಚ್ಚು ಬದುಕಿದರು, ತಲೆಮಾರಿನಿಂದ ತಲೆಮಾರಿಗೆ ಆ ಗುಣ ಹರಡಿತು. ಜೀವವಿಕಾಸವೆಂದರೆ ಮಂಗ ಮನುಷ್ಯನಾದ ಕಥೆ ಎಂದಷ್ಟೇ ತಿಳಿದಿದ್ದೆ. ಅದು ಹೊಟ್ಟೆಯೊಳಗೂ ನಡೆದಿದೆ ಎಂದು ನನಗೆ ಗೊತ್ತಾದದ್ದು ಹೊಸದುರ್ಗದ ಬಸ್ಸಿನಲ್ಲಿ.

ನಮ್ಮ ಸೀಮೆಯಲ್ಲಿ ಬೇಸಾಯದ ಮನೆಯವರಿಗಿಂತ ಕುರಿಗಾರರ ಮನೆಯವರಿಗೆ ಹಾಲು ಹೆಚ್ಚು ಒಗ್ಗುತ್ತದೆಯೇ ಎನ್ನುವುದು ಅವಳ ಪ್ರಶ್ನೆ. ಒಗ್ಗುತ್ತದೆ ಎಂಬುದು ಅವಳ ಊಹೆ. ಆಮೇಲೆ ಮನಸ್ಸು ಬಂದಂತೆ ತಿದ್ದಬಾರದೆಂದು ಆ ಊಹೆಯನ್ನು ಹೊರಡುವ ಮೊದಲೇ ಬರೆದು ತನ್ನ ಗುರುಗಳಿಗೆ ಕಳಿಸಿದ್ದಳು. ನಾನು ನಮ್ಮೋರಿಗೆ ಒಗ್ಗೇ ಒಗ್ಗುತ್ತೆ, ಅದಕ್ಕೆ ಮಿಷನ್ ಯಾಕೆ ಅಂದೆ.

"ಒಗ್ಗಲ್ಲ ಅಂತ ಬಂದ್ರೂ ಬರ್ಕಂತೀನಿ ಕಣಕ್ಕ. ಹಂಗೆ ಬರ್ಕಳ್ಳಾಕೆ ಮನಸಿಲ್ದಿದ್ರೆ ಮಿಷನ್ ಹೊತ್ಕಂಡು ತಿರುಗೋದು ದಂಡ."

ಅವಳ ಈ ಮಾತು ಕೇಳಿ ನನಗೆ ಎದೆಯುಬ್ಬಿತು. ಅದರ ಹಿಂದೆಯೇ ಸಣ್ಣ ಅಳುಕೂ ಮೂಡಿತು. ಯಾಕೆಂದು ಮುಂದೆ ಹೇಳುತ್ತೇನೆ.

ಹೊಸದುರ್ಗದಿಂದ ಶ್ರೀರಾಂಪುರ, ಅಲ್ಲಿಂದ ಆಟೋದಲ್ಲಿ ಒಂದು ಕುರಿಗಾರರ ಹಟ್ಟಿ. ಕರಿಯಮ್ಮಜ್ಜಿ ಎಂಬ ಹಿರಿಯಳ ಮನೆಯಲ್ಲಿ ನಮಗೆ ಬಿಡಾರ. ಕಾಲು ತೊಳೆದು ಕೂರುವಷ್ಟರಲ್ಲಿ ಎರಡು ಲೋಟ ಬಿಸಿ ಹಾಲು ಬಂತು. ಚಂದ್ರಿ ಕುಡಿದಳು. ನಾನು ಹಾಲನ್ನು ದೇವರಿಗೆ ಬಿಟ್ಟಿದ್ದೇನೆ ಅಂದೆ. ತಂಗಿಯ ಓದಿಗಾಗಿ ಎಂದು ಚಂದ್ರಿಯೇ ಸೇರಿಸಿದಳು. ಅಜ್ಜಿ ನನ್ನ ತಲೆ ಸವರಿ, ಅಕ್ಕ ಅಂದ್ರೆ ಹಿಂಗಿರಬೇಕು ಎಂದು ಸೊಸೆ ಈರಮ್ಮನಿಗೆ ಹೇಳಿದಳು. ಈ ಹಟ್ಟಿಯಲ್ಲಿ ಹಾಲು ದಕ್ಕದವರು ಹುಟ್ಟೇ ಇಲ್ಲವೆಂದೂ ಹೇಳಿದಳು. ರಾತ್ರಿಗೆ ಮುದ್ದೆ, ಅವರೆಕಾಳಿನ ಸಾರು.

ಊಟಕ್ಕೆ ಮುಂಚೆ ಚಂದ್ರಿ ಮನೆಮನೆಗೆ ಹೋಗಿ ನಿಯಮ ತಿಳಿಸಿದ್ದಳು. ರಾತ್ರಿ ಉಂಡ ಮೇಲೆ ನೀರು ಬಿಟ್ಟು ಏನೂ ಇಲ್ಲ. ಬೆಳಿಗ್ಗೆ ಒಮ್ಮೆ ಊದಬೇಕು, ಹಾಲಿನಿಂದ ತೆಗೆದ ಸಕ್ಕರೆ ಕದಡಿದ ನೀರು ಕುಡಿಯಬೇಕು, ಆಮೇಲೆ ಅರ್ಧರ್ಧ ಗಂಟೆಗೆ ಊದುತ್ತ ಕೂರಬೇಕು. ಅರಗದಿದ್ದರೆ ಹೊಟ್ಟೆಯಲ್ಲಿ ಹುಟ್ಟುವ ಗಾಳಿ ಉಸಿರಿಗೆ ಬರುತ್ತದೆ, ಯಂತ್ರದ ಅಂಕೆ ಏರುತ್ತದೆ. ಒಲ್ಲೆ ಅಂದವರನ್ನು ಒತ್ತಾಯ ಮಾಡುವಂತಿಲ್ಲ.

ಪಾತ್ರೆ ತೊಳೆಯುವಾಗ ಈರಮ್ಮ ನನ್ನ ಪಕ್ಕ ಕೂತು, ತನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ನೋಯುತ್ತದೆ, ಅತ್ತೆಯ ಮುಂದೆ ಮಿಷನ್ನು ಅದನ್ನು ಹೇಳಿಬಿಟ್ಟರೆ ಏನು ಗತಿ ಎಂದು ಪಿಸುಗುಟ್ಟಿದಳು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

"ದೇವರಿಗೆ ಬಿಟ್ಟಿದೀನಿ ಅನ್ನು. ಯಾರೂ ಎರಡನೇ ಮಾತು ಕೇಳಾಕಿಲ್ಲ."

"ನೀವೂ ಹಂಗೇನಾ ಅಕ್ಕಾರೆ?"

"ನಾನೂ ಹಂಗೇ."

ನನ್ನ ಗಂಡನಿಗೂ ಹೆತ್ತವ್ವನಿಗೂ ಹೇಳದ್ದನ್ನು ಮಧ್ಯಾಹ್ನವಷ್ಟೇ ಕಂಡವಳಿಗೆ ಹೇಳಿಬಿಟ್ಟಿದ್ದೆ. ನಾನು ಹಾಲು ಬಿಟ್ಟದ್ದು ದೇವರಿಗಲ್ಲ, ಹೊಟ್ಟೆನೋವಿಗೆ. ಕುರಿಗಾರರ ಮಗಳಿಗೆ ಹಾಲು ದಕ್ಕುವುದಿಲ್ಲ ಎನ್ನಲು ನಾಚಿಕೆಯಾಗಿ, ಅವ್ವ ಕೇಳಿದಾಗ ಚಂದ್ರಿಯ ಪರೀಕ್ಷೆಯ ಹೆಸರು ಹೇಳಿದ್ದೆ. ಹೇಳಿದ ಮೇಲೆ ಆ ಮರ್ಯಾದೆ ರುಚಿಸಿತು.

ಬೆಳಿಗ್ಗೆ ಎಳೆಬಿಸಿಲಿಗೆ ಕಂಬಳಿ ಹಾಸಿ ಎಲ್ಲರನ್ನೂ ಕೂರಿಸಿದೆವು. ಈರಮ್ಮ ಹರಕೆಯ ಮಾತು ಹೇಳಿ ಹಿಂದೆ ಸರಿದಳು. ಅವಳ ವಾರಗಿತ್ತಿಯೂ ಹಾಗೇ ಅಂದಳು. ಆಮೇಲೆ ಎದುರುಮನೆಯ ಹೆಂಗಸು, ಅವಳ ಮೈದುನ, ಇನ್ನೂ ಕೆಲವರು. ಬೀಡಿ ಸೇದಬಾರದೆಂಬ ಕಟ್ಟಳೆಗೆ ಮೊದಲೇ ಮುಖ ಗಂಟಿಕ್ಕಿದ್ದ ಪಕ್ಕದ ಮನೆಯ ಸಣ್ಣಪ್ಪಜ್ಜ ಎಲ್ಲರನ್ನೂ ಒಮ್ಮೆ ನೋಡಿದ.

"ಈ ಹಟ್ಟ್ಯಾಗೆ ಇಷ್ಟು ಭಕ್ತಿ ಐತೆ ಅಂತ ನಂಗೇ ಗೊತ್ತಿರಲಿಲ್ಲ ಬಿಡ್ರಪ್ಪ."

ಊದಿದವರಲ್ಲಿ ಒಬ್ಬರ ಅಂಕೆಯೂ ಏರಲಿಲ್ಲ. ಕರಿಯಮ್ಮಜ್ಜಿ ಮೂರು ಊರಿಗೆ ಕೇಳುವಂತೆ ಹೆಮ್ಮೆ ಪಟ್ಟಳು, ನಾನೂ ಪಟ್ಟೆ. ತಂಗಿಯ ಊಹೆ ಗೆದ್ದಿತು, ನಮ್ಮ ಜನದ ಮಾನವೂ ಉಳಿಯಿತು ಎಂದುಕೊಂಡೆ.

ಮರುದಿನ ಹೊಸದುರ್ಗಕ್ಕೆ ವಾಪಸು ಬಂದು, ಹೊಳಲ್ಕೆರೆಯ ಬಸ್ಸು ಹಿಡಿದು, ಅಲ್ಲಿಂದ ಚಿಕ್ಕಜಾಜೂರಿಗೆ ಹೋದೆವು. ಹೊಳಲ್ಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಚಂದ್ರಿ ಮುಟ್ಟಲಿಲ್ಲ. ಯಂತ್ರ ಕೆಟ್ಟಿರಬಹುದೇ ಎಂದು ಬಸ್ಸಿನಲ್ಲೇ ತಾನೇ ಊದಿ ನೋಡಿಕೊಂಡಳು. ಸಕ್ಕರೆಯ ಪೊಟ್ಟಣದ ಮೇಲಿನ ಅಕ್ಷರಗಳನ್ನು ತಿರುಗಿಸಿ ತಿರುಗಿಸಿ ಓದಿದಳು. ಚೆನ್ನಾಗಿ ಬಂದಿದೆಯಲ್ಲ, ಮತ್ತೇನು ಎಂದು ಕೇಳಿದೆ.

"ನಂಗೆ ಬೇಕಾದ ಉತ್ತರ ಇಷ್ಟು ಸಲೀಸಾಗಿ ಬಂದೈತೆ ಅಂದ್ರೆ ನಾನು ಎಲ್ಲೋ ತಪ್ಪಿದೀನಿ. ಹುಡುಕ್ಬೇಕು."

ಚಿಕ್ಕಜಾಜೂರಿನಲ್ಲಿ ಬೇಸಾಯದವರ ಒಂದು ಬೀದಿ. ಮರುಬೆಳಿಗ್ಗೆ ಊದಿಸುವಾಗ ಅಲ್ಲಿ ಹರಕೆಯ ಮಾತು ಒಬ್ಬರೂ ಎತ್ತಲಿಲ್ಲ. ಒಬ್ಬ ದಪ್ಪ ಹೆಂಗಸು ಬಂದವಳೇ, ನನಗೆ ಹಾಲು ಆಗಿಬರಲ್ಲ, ಆದರೂ ಊದುತ್ತೇನೆ ಎಂದು ಕೂತಳು. ಅವಳ ಅಂಕೆ ಸರಸರ ಏರಿತು. ಅವಳು ನಕ್ಕಳು, ನೆರೆಯವರೂ ನಕ್ಕರು. ಯಾರ ಮಾನವೂ ಹೋಗಲಿಲ್ಲ. ಆ ನಗು ಕೇಳಲಾರದೆ ನಾನು ಎದ್ದು ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತೆ. ಅತ್ತ ಚಂದ್ರಿ ಫೋನಿನಲ್ಲಿ ಗುರುಗಳಿಗೆ, ಶ್ರೀರಾಂಪುರದಲ್ಲಿ ತಾನೇ ಏನೋ ತಪ್ಪು ಮಾಡಿರಬೇಕು, ಆ ಹಟ್ಟಿಯ ಕೆಲಸವನ್ನೆಲ್ಲ ಬಿಟ್ಟುಬಿಡುವುದೇ ಸರಿಯೇನೋ ಎನ್ನುತ್ತಿದ್ದಳು. ಹಟ್ಟಿಹಟ್ಟಿ ಓಡಾಡಿ ಜನರನ್ನು ಒಪ್ಪಿಸಲು ಅವಳಿಗೆ ಎಷ್ಟು ಕಾಲ ಹಿಡಿದಿತ್ತೆಂದು ನನಗೆ ಗೊತ್ತು. ನನ್ನ ಸುಳ್ಳಿಗೆ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಚಿತ್ರದುರ್ಗದ ರೈಲಿಗೆ ಕಾಯುತ್ತ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಎಲ್ಲ ಹೇಳಿದೆ. ಈರಮ್ಮನ ಮಾತು, ಹೊಟ್ಟೆನೋವು, ಹುಟ್ಟಿಸಿಕೊಂಡ ಹರಕೆ. ಅವಳು ಹಳಿಯನ್ನೇ ನೋಡುತ್ತ ಕೇಳಿಸಿಕೊಂಡಳು.

"ಎಷ್ಟು ಜನಕ್ಕೆ ಹೇಳ್ದೆ?"

"ಒಬ್ಬಳಿಗೆ. ಅವಳಿಂದ ಉಳಿದೋರಿಗೆ ಹೋಗಿರ್ಬೇಕು."

"ನಿಂಗೆ ಬರೀ ಉಬ್ಬರಾನಾ, ನೋವೂ ಬರುತ್ತಾ? ಮಜ್ಜಿಗೆ ಆಗುತ್ತಾ?"

ಮಜ್ಜಿಗೆ ಆಗುತ್ತದೆ ಅಂದೆ. ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಬಂದು ಮಾತು ಮುಚ್ಚಿಹೋಯಿತು. ಅದು ದಾಟಿದ ಮೇಲೂ ಅವಳು ಚೀಲದ ಜಿಪ್ಪನ್ನು ತೆಗೆಯುತ್ತ ಮುಚ್ಚುತ್ತ ಕೂತಿದ್ದಳು.

"ಹಂಗಾದ್ರೆ ಹತ್ತನೇ ಕ್ಲಾಸು ನಾನೇ ಪಾಸಾದ್ನಾ?"

"ನೀನೇ ಕಣವ್ವ. ಅದ್ರಾಗೆ ನಂದೇನೂ ಇರಲಿಲ್ಲ."

"ಎಂ.ಎ. ಪಾಸಾದಾಗ್ಲೂ ಅರ್ಧ ನಿಂದು ಅನ್ಕಂಡಿದ್ದೆ."

ಚಿತ್ರದುರ್ಗದಲ್ಲಿ ಅವಳ ಗೆಳತಿಯೊಬ್ಬಳ ಕೋಣೆಯಲ್ಲಿ ಉಳಿದೆವು. ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ಅವಳು ಗುರುಗಳಿಗೆ ಮತ್ತೆ ಫೋನು ಮಾಡಿ, ನಡೆದದ್ದನ್ನು ನಡೆದಂತೆ ತಿಳಿಸಿದಳು, ನನ್ನನ್ನು ದೂರಲಿಲ್ಲ. ಊದಿದವರ ಅಂಕೆ ಸುಳ್ಳಲ್ಲ, ಹಾಲು ಒಗ್ಗದವರೇ ಊದದೆ ಹೊರಗುಳಿದದ್ದರಿಂದ ಒಟ್ಟು ಚಿತ್ರ ಸುಳ್ಳಾಯಿತು ಎಂದು ಅವಳು ಹೇಳುವಾಗ, ನನಗೂ ನನ್ನ ತಪ್ಪಿನ ಪೂರ್ತಿ ಆಕಾರ ಕಂಡಿತು. ಹೊರಗುಳಿದವರು ಒಪ್ಪಿದರೆ ಮತ್ತೆ ಹೋಗಿ ಕೇಳಬಹುದು, ಈ ಸಂಗತಿಯನ್ನೂ ಬರೆಯಬೇಕು ಎಂದು ಗುರುಗಳು ಹೇಳಿದರಂತೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಿರಿಯೂರಿನ ಬಸ್ಸೂ ನಿಂತಿತ್ತು, ಹೊಸದುರ್ಗದ ಬಸ್ಸೂ ನಿಂತಿತ್ತು.

"ಮನೆಗೆ ಹೋಗ್ತೀಯಾ, ಬರ್ತೀಯಾ?"

"ಬರ್ತೀನಿ. ಎಲ್ಲರ ಮುಂದೆ ನಾನೂ ಊದಲಾ?"

"ಅದನ್ನ ನಾನು ಹೇಳಾಕಿಲ್ಲ. ಒಲ್ಲೆ ಅಂದೋರನ್ನ ಒತ್ತಾಯ ಮಾಡಬಾರದು ಅಂತ ರೂಲು ಐತೆ."

ಆ ರಾತ್ರಿ ಹಟ್ಟಿಯಲ್ಲಿ ಉಪವಾಸ ಮಲಗಿದೆ. ಬೆಳಿಗ್ಗೆ ಅದೇ ಕಂಬಳಿಯ ಮೇಲೆ ನಿಂತು, ನನ್ನ ಹರಕೆ ಸುಳ್ಳು, ನನಗೆ ಹಾಲು ಒಗ್ಗುವುದಿಲ್ಲ ಎಂದು ಹೇಳಿದೆ. ಈರಮ್ಮನ ಹೆಸರು ಎತ್ತಲಿಲ್ಲ. ಕರಿಯಮ್ಮಜ್ಜಿಯ ಮುಖ ಕೆಂಪಾಯಿತು.

"ದೇವರ ಹೆಸರೇಳಿ ನನ್ನ ಮನ್ಯಾಗೆ ಸುಳ್ಳಾಡಿದ್ಯ?"

"ಆಡ್ದೆ ಅಜ್ಜಿ. ತಪ್ಪಾತು."

ಚಂದ್ರಿ ಲೋಟ ಕೊಟ್ಟಳು. ಎಷ್ಟೋ ವರ್ಷದ ಮೇಲೆ ಹಾಲಿನ ಸಿಹಿ ನಾಲಿಗೆಗೆ ತಾಕಿತು. ಮೊದಲೆರಡು ಸಲ ಊದಿದಾಗ ಅಂಕೆ ಕದಲಲಿಲ್ಲ. ಆಮೇಲೆ ಏರತೊಡಗಿತು. ಅಂಕೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಅಷ್ಟರಲ್ಲಿ ನನ್ನ ಹೊಟ್ಟೆ ಆಚೆ ಕೂತವರಿಗೂ ಕೇಳುವಂತೆ ಗುಡುಗಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಜ್ಜಿ ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ನಮ್ಮತ್ತೆ ಹೆಪ್ಪು ಹಾಕ್ದೆ ಹನಿ ಹಾಲೂ ಕುಡೀತಿರಲಿಲ್ಲ. ಆವಮ್ಮಂಗೂ ಹಿಂಗೇ ಇತ್ತೇನೋ," ಅಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಏನೇ ಈರಿ, ನಿಂದೂ ಇದೇ ಹರಕೇನಾ?"

ಈರಮ್ಮ ತಲೆ ತಗ್ಗಿಸಿ ಹೂಂ ಅಂದಳು. ಅಜ್ಜಿ ಬಯ್ಯಲಿಲ್ಲ. ನಾಳೆ ಖಾಲಿ ಹೊಟ್ಟೆಯಲ್ಲಿ ಕೂತು ಊದು ಅಂದಳು. ಚಂದ್ರಿ ನಡುವೆ ಬಾಯಿ ಹಾಕಿ, ಅದು ಅಜ್ಜಿ ಹೇಳುವುದಲ್ಲ, ಅವರವರ ಇಷ್ಟ, ಬಂದವರನ್ನು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಅಳೆಯುತ್ತೇನೆ ಎಂದು ವಿವರಿಸಿದಳು. ಮರುದಿನ ಈರಮ್ಮ ತಾನಾಗಿ ಬಂದಳು. ಹರಕೆ ಹೇಳಿದ್ದವರಲ್ಲಿ ಬಹುಪಾಲು ಬಂದರು. ಗೋಡೆಗೆ ಒರಗಿದ್ದ ಸಣ್ಣಪ್ಪಜ್ಜ ಆಕಾಶದ ಕಡೆ ಕೈ ಮುಗಿದ.

"ಪಾಪ, ಇವತ್ತಿಂದ ದೇವರಿಗೆ ಹಾಲು ಕಮ್ಮಿ ಆತು."

ವಾಪಸು ಬರುವಾಗ ಹೊಸದುರ್ಗದಲ್ಲಿ ಚಂದ್ರಿ ಎರಡು ಮುದ್ದೆ ಉಂಡಳು. ಬಸ್ಸು ಮಾರಿಕಣಿವೆಯ ಕಡೆಯ ಗುಡ್ಡಗಳನ್ನು ಬಳಸುತ್ತಿದ್ದಾಗ, ತನ್ನ ಊಹೆ ಅಲ್ಲಾಡುತ್ತಿದೆ ಅಂದಳು. ಕುರಿಗಾರರು ಹಾಲನ್ನು ಮಜ್ಜಿಗೆ ಮಾಡಿ ಕುಡಿಯುವುದರಿಂದ ಹೊಟ್ಟೆ ಬದಲಾಗುವ ಅಗತ್ಯವೇ ಬೀಳಲಿಲ್ಲವೇನೋ, ಅದನ್ನೂ ಕೇಳಿ ನೋಡಬೇಕು, ಇನ್ನೂ ಎಷ್ಟೋ ಹಟ್ಟಿಗಳಿಗೆ ಹೋಗಬೇಕು ಎಂದು ಹಬ್ಬಕ್ಕೆ ಹೊರಟವಳ ಉಮೇದಿನಲ್ಲಿ ಹೇಳುತ್ತಿದ್ದಳು. ತಾನು ನಂಬಿದ್ದು ಬಿದ್ದುಹೋಗುವಾಗ ಮುಖ ಇಷ್ಟು ಅರಳುವವರನ್ನು ನಾನು ಕಂಡಿರಲಿಲ್ಲ. ಅವಳು ನನ್ನ ತಂಗಿ ಎಂದು ಬಸ್ಸಿನವರಿಗೆಲ್ಲ ಹೇಳಬೇಕೆನಿಸಿತು. ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿಯೂ ಹೇಳಿದೆ.

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಸಂಜೆಗೆ ಐಮಂಗಲದಲ್ಲಿ ಇಳಿದೆವು. ಅವ್ವನಿಗೆ ಇನ್ನೂ ಹೇಳುವುದಿತ್ತು. ರಸ್ತೆ ದಾಟುವ ಮುಂಚೆ ಚಂದ್ರಿ ಕಪ್ಪು ಚೀಲವನ್ನು ನನ್ನ ಕೈಗೆ ಕೊಟ್ಟು ಬಗ್ಗಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಹರಕೆಯೇ ಇರಲಿಲ್ಲವಲ್ಲ, ಇನ್ನು ಇದ್ಯಾಕೆ ಅಂದೆ.

"ಇದು ಹರಕೆಗಲ್ಲಕ್ಕ," ಅಂದಳು. "ಊದಿದ್ದಕ್ಕೆ."