ಮೇವಿನ ಬಣವೆಯ ಹಿಂದೆ

ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲಕ್ಕೆ ಹರ್ತಿಯಲ್ಲಿ ಆಟಕ್ಕೆಂದು ಬೇರೆ ಮೈದಾನ ಇರಲಿಲ್ಲ. ಜೋಳದ ರಾಶಿ ಮುಗಿದ ಮೇಲೆ ನಮ್ಮಪ್ಪನ ಕಣವೇ ಊರ ಮಕ್ಕಳ ಮೈದಾನ. ಸಗಣಿ ಸಾರಿಸಿದ ಗಟ್ಟಿ ನೆಲ, ಒಣ ಮೇವಿನ ವಾಸನೆ, ಉಡಿಯಲ್ಲಿ ಹುರಿದ ಕಡಲೆ. ಓಣಿ ಓಣಿಯ ಮಕ್ಕಳನ್ನು ಕೂಡಿಸಿ ಖೋ ಖೋ ಆಡಿಸುತ್ತಿದ್ದವರು ಗಾದಿ ಹೊಲಿಯುವ ಇಮಾಮ ಕಾಕಾ.

ಆ ವರ್ಷ ಹೊಲದ ಬದುವಿನ ಜಗಳದಲ್ಲಿ ಅಪ್ಪ, ದೊಡ್ಡಪ್ಪ ಮಾತು ಬಿಟ್ಟಿದ್ದರು. ದೊಡ್ಡಪ್ಪನ ಮಗಳು ಗಂಗವ್ವ ನನ್ನ ಜೀವದ ಗೆಳತಿ.

"ಆ ಮನಿ ಹುಡುಗಿ ಕೂಡ ಮಾತಾಡಿದಿ ಅಂದ್ರ ನಾಲಗಿ ಸುಡತೀನಿ" ಎಂದಿದ್ದ ಅಪ್ಪ.

ತಂಡ ಮಾಡುವ ಮೊದಲು ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಬಣವೆಯ ಹಿಂದೆ ಹೋಗಿ, ಗುಟ್ಟಾಗಿ ಒಂದೊಂದು ಹೆಸರು ಇಟ್ಟುಕೊಂಡು ಬರಬೇಕಿತ್ತು. ಮುಂದಾಳು ಕೇಳಿದ ಹೆಸರಿನವರು ಅವನ ಕಡೆ. ಕಾಕಾ ಬೇಕಂತಲೇ ದಿನಾ ನಮ್ಮಿಬ್ಬರನ್ನೇ ಜೋಡಿ ಮಾಡುತ್ತಿದ್ದರು.

"ಲೇ ನೀಲಿ, ನೀ ಮಾವು ಆಗು, ನಾ ಹುಣಸಿ."

"ತಡಿಯಲೇ ಗಂಗಿ. ನಿಮ್ಮ ಆಕಳ ಈದೈತೇನ?"

"ಈದೈತಿ. ನಿನಗ ಗಿಣ್ಣ ಕೊಡಾಕ ಅವ್ವ ಹೊಂಟಿದ್ಲು, ಅಪ್ಪ ಬೈದ."

ಆಚೆಯಿಂದ ಕಾಕಾ ಕೂಗುತ್ತಿದ್ದರು: "ಹೆಸರಿಡಾಕ ಇಷ್ಟೊತ್ತೇನ್ರೆಲೇ? ತೊಟ್ಟಿಲಾ ತರಿಸ್ಲೇನು?"

ಎಲ್ಲರೂ ನಗುತ್ತಿದ್ದರು. ನಮಗೆ ಮಾತ್ರ ಇಡೀ ದಿನದ ಮಾತು ಅಷ್ಟರಲ್ಲೇ ಮುಗಿಯಬೇಕಿತ್ತು.

ಒಂದು ಸಂಜೆ ಅಪ್ಪ ಬಣವೆಯ ಹಿಂದೆಯೇ ನಿಂತಿದ್ದ. ನನ್ನ ರಟ್ಟೆ ಹಿಡಿದು ಎಳೆದ. ಕಾಕಾ ಓಡಿ ಬಂದರು.

"ಮಕ್ಕಳ ಅದಾವ್ರಿ ಅಣ್ಣಾರ, ಇಷ್ಟಾದ್ರೂ ಮಾತಾಡ್ಲಿ ಬಿಡ್ರಿ."

"ನಿನ್ನ ಗಾದಿ ನೀ ಹೊಲಿ. ನನ್ನ ಮನಿ ನಾ ನೋಡಕೊಂತೀನಿ."

ಮರುದಿನ ಬೆಳಗ್ಗೆಯೇ ಅಪ್ಪ ಕಣಕ್ಕೆ ನೇಗಿಲು ಹೂಡಿದ. ಊರ ಮಕ್ಕಳೆಲ್ಲ ದೂರ ನಿಂತು ನೋಡಿದೆವು. ಮುಂದೆ ಗಂಗವ್ವನನ್ನು ಶಿರಹಟ್ಟಿ ಕಡೆ ಕೊಟ್ಟರು. ಅಪ್ಪ, ದೊಡ್ಡಪ್ಪ ಒಂದಾಗುವಷ್ಟರಲ್ಲಿ ಅವಳು ಬಾಣಂತನದಲ್ಲಿ ತೀರಿಕೊಂಡಿದ್ದಳು.

ಈಗ ನನ್ನ ಮೊಮ್ಮಗಳು ಗದಗಿನಲ್ಲಿ ಖೋ ಖೋ ಲೀಗ್ ಆಡುತ್ತಾಳೆ. ಅಬ್ಬಾ, ಅವಳ ಓಟ ನೋಡಬೇಕು! ಕೂಗಿ ಕೂಗಿ ನನ್ನ ಗಂಟಲು ಕಟ್ಟುತ್ತದೆ. ಮುಂಡರಗಿಯ ತಾಯಂದಿರು, ಲಕ್ಷ್ಮೇಶ್ವರದ ತಾಯಂದಿರು ಗುರುತಿಲ್ಲದಿದ್ದರೂ ರೊಟ್ಟಿ ಹಂಚಿಕೊಂಡು ಉಣ್ಣುತ್ತಾರೆ. ಮಾತು ಬಿಟ್ಟ ಮನೆಗಳ ಹುಡುಗಿಯರು ಒಂದೇ ಬಣ್ಣದ ಅಂಗಿ ತೊಟ್ಟು, ಎಲ್ಲರೆದುರೇ ಕೇಕೆ ಹಾಕಿ ನಗುತ್ತಾರೆ. ನೋಡಿ ಹೊಟ್ಟೆ ತಣ್ಣಗಾಗುತ್ತದೆ.

ಮೊನ್ನೆ ಗೆದ್ದು ಬಂದ ಮೊಮ್ಮಗಳು ನನ್ನ ಮುಖ ನೋಡಿ, "ಅಜ್ಜೀ, ಯಾಕ ಅಳಾಕತ್ತಿ?" ಎಂದಳು.

"ಖುಷಿಗೆ ಬೇ."

ಸುಳ್ಳು ಹೇಳಲಿಲ್ಲ. ಆ ಖುಷಿಯನ್ನು ಹೇಳಿಕೊಳ್ಳಲು ನನ್ನ ವಾರಿಗೆಯವಳೊಬ್ಬಳು ಪಕ್ಕದಲ್ಲಿ ಇರಲಿಲ್ಲ, ಅಷ್ಟೇ.