ಸೀಗಿ ಹುಣ್ಣಿಮೆಗೆ ಭತ್ತದ ನಡುವಿನ ಮನೆಯಲ್ಲಿ

ಬಂಕಾಪುರದಲ್ಲಿ ಬಸ್ಸು ಬದಲಿಸಿ ಹಾನಗಲ್ ದಾರಿ ಹಿಡಿದಾಗ ಮಧ್ಯಾಹ್ನ ಮೂರೂವರೆ. ಮಳೆ ಮುಗಿಯಿತೆಂದು ಯಾರೂ ಖಚಿತವಾಗಿ ಹೇಳದ ದಿನಗಳವು. ಬಿಸಿಲಿತ್ತು, ಬಿಸಿಲಿನೊಳಗೆ ತೇವವೂ ಇತ್ತು. ಶಿಗ್ಗಾಂವಿಯವರೆಗೆ ಕಿಟಕಿಯಲ್ಲಿ ಗೋವಿನಜೋಳ, ಹತ್ತಿ. ಇತ್ತ ಹೊರಳಿದ ಮೇಲೆ ಭತ್ತವೋ ಭತ್ತ. ಹೊಲದ ನಡುವಿನ ಬಾಡಿಗೆ ಮನೆಯಲ್ಲಿ ಎರಡು ರಾತ್ರಿ ಮಲಗಿ ಬರುವುದಷ್ಟೇ ನನ್ನ ಯೋಜನೆ. ‘ನಿಸರ್ಗದ ಮಡಿಲು’ ಎಂದು ಜಾಹೀರಾತಿನಲ್ಲಿತ್ತು. ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿಗೆ ತೂತು ಹುಡುಕಿದವಳಿಗೆ ಮಡಿಲು ಅಂದರೆ ಸೊಳ್ಳೆ ಇರುತ್ತವೆ ಅಂತಲೇ ಅರ್ಥ.

ಸೊಳ್ಳೆ ಇದ್ದವು. ಆದರೆ ಮನೆ ಚೆಂದವಿತ್ತು. ಒಂದೇ ಕೋಣೆ, ಕೆಂಪು ಹಂಚು, ಮುಂದೊಂದು ಕಟ್ಟೆ. ಕಟ್ಟೆಯ ಅಂಚಿಗೇ ಭತ್ತ. ಒಡತಿ ಶಾಂತಕ್ಕ ಚಹಾ ತಂದು ಕೊಟ್ಟು, ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು.

“ಚೊಲೋ ಐತೇನ್ರಿ? ಸುಣ್ಣಾ ನಾನ ಹಚ್ಚೇನಿ. ಇದೊಂದ ನಂದು ಅಂತ ಐತ್ರಿ,” ಅಂದಳು. ಆಮೇಲೆ ದನಿ ತಗ್ಗಿಸಿದಳು. “ನಮ್ಮ ಅತ್ತಿ ಇದರಾಗ ಇನ್ನೂ ಕಾಲಿಟ್ಟಿಲ್ಲ. ಬೆಳೀ ಬರೂ ಜಾಗಾ ಹಾಳ ಮಾಡೀರಿ ಅಂತ ಸಿಟ್ಟು. ಸೀಗಿ ಹುಣ್ಣಿವಿ ಆತಂದ್ರ ಮೇವು ತುಂಬಸ್ತೀನಿ ಅಂದಾರ.”

ಹುಣ್ಣಿಮೆ ನಾಡಿದ್ದು.

“ನಿಮ್ಮ ಯಜಮಾನ್ರು ಏನಂತಾರ?”

“ಅವರು ಅವ್ವನ ಮಾತೂ ಮೀರಂಗಿಲ್ಲ, ನನ್ನ ಮಾತೂ ಮೀರಂಗಿಲ್ಲ. ಅದಕ್ಕ ಊಟಕ್ಕ ಬಿಟ್ರ ಬಾಯೇ ತಗ್ಯಂಗಿಲ್ಲ.”

ಮರುದಿನ ನಾನು ಏನೂ ಮಾಡಲಿಲ್ಲ. ಬೆಳಿಗ್ಗೆ ಮಂಜು ಕರಗುವವರೆಗೆ ಭತ್ತ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಬೆಳ್ಳಕ್ಕಿಯೊಂದು ಕಾಲುವೆಯ ಪಕ್ಕ ನಿಂತಿತ್ತು. ನಾನು ಮಲಗಿ ಎದ್ದು ನೋಡಿದಾಗಲೂ ಅಲ್ಲೇ ನಿಂತಿತ್ತು. ಅದೇ ಹಕ್ಕಿಯೇ ಎಂದು ಸಾಬೀತು ಮಾಡಲಾರೆ. ಮಾಡಬೇಕೆಂದೂ ಅನಿಸಲಿಲ್ಲ. ನನ್ನ ಮಟ್ಟಿಗೆ ಅದು ಆತಂಕಪಡಬೇಕಾದ ಲಕ್ಷಣ.

ಸಂಜೆ ಎಚ್ಚೆತ್ತುಕೊಂಡು ಊರೊಳಗಿನ ಅವರ ಮನೆಗೆ ಹೋದೆ. ಅತ್ತೆ ಗಂಗವ್ವಜ್ಜಿ ಮರುದಿನದ ಕಡಬಿಗೆ ಅಣಿಮಾಡುತ್ತಿದ್ದಳು. ನಾನು ಪೀಠಿಕೆಯಿಲ್ಲದೆ ವಾದ ಹೂಡಿದೆ: ದುಡಿಯುವ ಮನೆಯೂ ಒಂದು ಬೆಳೆಯೇ, ಬರುವ ಅತಿಥಿಗಳೇ ಫಸಲು.

“ಮಾತು ಚೊಲೋ ಕಲ್ತಿ, ತಂಗಿ. ಈ ಕಣಕ ನಾದು,” ಎಂದು ಪರಾತ ನನ್ನತ್ತ ಸರಿಸಿದಳು. “ನಾಳೆ ಬಸರಿ ಹೊಲಕ್ಕ ಬಯಕಿ ಮಾಡಿ ಉಣಸೂದೈತಿ. ನೀ ಇಲ್ಲಿ ಕೋರ್ಟು ನಡಸಾಕತ್ತಿ.”

ಅರ್ಧ ಗಂಟೆಯಲ್ಲಿ ಕಣಕ ಮೆತ್ತಗಾಯಿತು. ಅಜ್ಜಿ ಆಗಲಿಲ್ಲ.

ಹುಣ್ಣಿಮೆಯ ದಿನ ಎಲ್ಲರೂ ಹೊಲಕ್ಕೆ ಬಂದರು. ಐದು ಕಲ್ಲಿಗೆ ಸುಣ್ಣ ಬಳಿದು, ಹೊಡೆ ತುಂಬಿದ ಭತ್ತಕ್ಕೆ ಹಸಿರು ಬಳೆ, ಕುಪ್ಪಸದ ಬಟ್ಟೆ ಇಟ್ಟು ಪೂಜೆ ಮಾಡಿದರು. ಆಮೇಲೆ ಚರಗ. ಶಾಂತಕ್ಕನ ಗಂಡ ಈರಪ್ಪ ಅನ್ನ, ಕಡಬು ಕಲಸಿದ್ದನ್ನು ಬೆಳೆಗೆ ಎರಚುತ್ತ ಮುಂದೆ ನಡೆದ. ನೀರು ಚಿಮುಕಿಸುತ್ತ ಹಿಂದೆ ಬರುವ ಕೆಲಸ ನನ್ನ ಪಾಲಿಗೆ ಬಂತು. “ಹುಲ್ಲುಲ್ಲಿಗೋ...” ಎಂದು ಅವನು ಕೂಗಿದರೆ “ಸಲಾಂಬ್ರಿಗೋ...” ಎಂದು ನಾನು ಕೂಗಬೇಕು.

“ಹಂಗಂದ್ರ ಅರ್ಥ ಏನ್ರಿ ಅಜ್ಜಿ?”

“ಗೊತ್ತಿದ್ದವರು ಮೆಲ್ಲಕ ಕೂಗ್ತಾರ, ಗೊತ್ತಿಲ್ಲದವರು ಜೋರ ಕೂಗಬೇಕು!”

ಜೋರಾಗಿಯೇ ಕೂಗಿದೆ. ನನ್ನ ದನಿ ಭತ್ತದ ಮೇಲೆ ಹಾಯ್ದು ಯಾರದೋ ದನಿಯಾಗಿ ತಿರುಗಿ ಬಂತು.

ಊಟಕ್ಕೆ ಕೂರುವಷ್ಟರಲ್ಲಿ ಮಳೆ ಬಿತ್ತು. ಬುತ್ತಿಯ ಬುಟ್ಟಿಗೆ ಸೆರಗು ಮುಚ್ಚಿ ಅಜ್ಜಿ ನಿಂತೇ ಇದ್ದಳು. ಚರಗ ಚೆಲ್ಲಿದವರು ಹೊಲದಲ್ಲೇ ಉಣ್ಣಬೇಕು, ಉಣ್ಣದೆ ಬದು ದಾಟುವಂತಿಲ್ಲ. ಮರವೊಂದೂ ಇರಲಿಲ್ಲ. ನಾನು ಬಾಯಿ ತೆರೆದೆ. ಶಾಂತಕ್ಕ ಮೊಣಕೈ ಚಿವುಟಿದಳು.

ಅಜ್ಜಿ ಹೊಲದ ನಾಲ್ಕೂ ಬದಿಗೆ ಕಣ್ಣು ಹಾಯಿಸಿದಳು. “ಈರಪ್ಪಾ, ಆ ಮನಿ ಬದುವಿನ ಒಳಗ ಐತೋ, ಹೊರಗೋ?”

ಈರಪ್ಪ ಹೆಂಡತಿಯ ಮುಖ ನೋಡಲಿಲ್ಲ. “ಒಳಗ ಐತಿ, ಯವ್ವಾ.”

“ಹಂಗಾರ ನಡೀರಿ.”

ಚಪ್ಪಲಿ ಕಳಚಿ ಹೊಸ್ತಿಲು ದಾಟಿ, ನೆಲ ಮುಟ್ಟಿ ನೋಡಿದಳು. “ಒಣಾ ಐತಿ.” ಪುಂಡಿಪಲ್ಯ, ಕಡಬು, ಮೊಸರನ್ನ ಬಡಿಸಿದಳು. ಹಂಚಿನ ಮೇಲೆ ಮಳೆ, ಬಾಗಿಲ ತುಂಬ ಹಸಿರು. ಶಾಂತಕ್ಕ ಮಾತ್ರ ತುತ್ತು ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

“ಮೇವು ಯಾವಾಗ ತರಸೂದ್ರಿ, ಅತ್ತಿ?”

“ಇಲ್ಲಿ ಥಂಡಿ ಭಾಳ. ಮೇವಿಗೆ ಬೂಸರ ಹಿಡೀತೈತಿ. ಕಣದಾಗ ಒಟ್ಟಿದ್ರಾತು. ನೀ ಉಣ್ಣು.”

ಈಗಷ್ಟೇ ಒಣಾ ಐತಿ ಅಂದ ಬಾಯಿ! ಎರಡೂ ಮಾತು ಒಂದಕ್ಕೊಂದು ಕೂಡುವುದಿಲ್ಲ. ವೇದಿಕೆಯ ಮೇಲಾಗಿದ್ದರೆ ಎದ್ದು ನಿಲ್ಲುತ್ತಿದ್ದೆ. ಇನ್ನೊಂದು ಕಡಬು ಹಾಕಿಸಿಕೊಂಡೆ.

ಉಂಡ ಮೇಲೆ ಅಜ್ಜಿ ಒಂದೈದು ನಿಮಿಷ ಬೆನ್ನು ಚಾಚುತ್ತೇನೆಂದು ನನ್ನ ಮಂಚದ ಮೇಲೆ ಮಲಗಿದಳು. ಮಳೆ ನಿಂತು ಬಿಸಿಲು ಬಂತು. ನಾಲ್ಕರ ಬಸ್ಸಿಗೆ ಹೊರಡಬೇಕಿದ್ದ ನನ್ನ ಚೀಲ ಅವಳ ತಲೆದೆಸೆಗಿತ್ತು. ನಾನು ಎದ್ದದ್ದು ಕಂಡು ಶಾಂತಕ್ಕ ತುಟಿಯ ಮೇಲೆ ಬೆರಳಿಟ್ಟಳು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತ ಬಂಕಾಪುರಕ್ಕೆ ಹೊರಟುಹೋಯಿತು. ನಾವಿಬ್ಬರೂ ಕಟ್ಟೆಯ ಮೇಲೆ ಕೂತು, ಒಳಗಿನಿಂದ ಬರುತ್ತಿದ್ದ ಗೊರಕೆ ಕೇಳುತ್ತಿದ್ದೆವು.